ಐದು ವರ್ಷ ಬಚ್ಚಿಟ್ಟ ಸ್ಟೆಪ್ನಿ: ಆಪಲ್ ಇಂಟೆಲ್ ಕಡೆ ತಿರುಗಿದ ಪ್ರಕರಣ

2005ರ ಜೂನ್ 3, ಶುಕ್ರವಾರ. ಆಪಲ್ ಕಂಪನಿ ತನ್ನ ಮ್ಯಾಕ್ ಕಂಪ್ಯೂಟರ್‌ಗಳಲ್ಲಿ ಐಬಿಎಂ ಚಿಪ್ ಬಿಟ್ಟು ಇಂಟೆಲ್ ಚಿಪ್ ಹಾಕಲು ಹೊರಟಿದೆ, ಸೋಮವಾರವೇ ಹೇಳಲಿದೆ ಅಂತ ಸಿನೆಟ್ ಅನ್ನೋ ತಂತ್ರಜ್ಞಾನದ ಸುದ್ದಿತಾಣ ಸುದ್ದಿ ಹಾಕಿತು. ಮ್ಯಾಕ್ ಮಂದಿಯಲ್ಲಿ ಕೆಲವರಿಗೆ ಸಿಟ್ಟು ಬಂತು, ಕೆಲವರಿಗೆ ನಗು ಬಂತು. ಎರಡು ವಾರ ಮೊದಲು ವಾಲ್ ಸ್ಟ್ರೀಟ್ ಜರ್ನಲ್ ಕೂಡ ಎರಡೂ ಕಂಪನಿಗಳ ನಡುವೆ ಮಾತುಕತೆ ನಡೆದಿದೆ ಅಂದಿತ್ತು. ಆದರೂ ಬಹಳ ಜನ ನಂಬಲಿಲ್ಲ. ಯಾಕಂದ್ರೆ ಈ ಗಾಳಿಸುದ್ದಿ ವರ್ಷಗಳಿಂದ ಬರುತ್ತಾ ಹೋಗುತ್ತಾ ಇತ್ತು. ಹುಲಿ ಬಂತು ಹುಲಿ ಅಂತ ಅಷ್ಟು ಸಲ ಕೂಗಿದ ಮೇಲೆ ಯಾರು ಎದ್ದು ನೋಡ್ತಾರೆ?

ಇನ್ನೊಂದು ಕಾರಣ ಆಪಲ್‌ನ ಬಾಯಿಯೇ. ಇಂಟೆಲ್ ಅನ್ನು ಅದು ಗೇಲಿ ಮಾಡಿದಷ್ಟು ಬೇರೆ ಯಾರೂ ಮಾಡಿರಲಿಲ್ಲ. 1998ರ ಜಾಹೀರಾತಿನಲ್ಲಿ ಪೆಂಟಿಯಮ್ 2 ಚಿಪ್ಪನ್ನು ಬಸವನಹುಳದ ಬೆನ್ನ ಮೇಲೆ ಕೂರಿಸಿತ್ತು. ಇನ್ನೊಂದರಲ್ಲಿ, ಇಂಟೆಲ್ ಕಾರ್ಖಾನೆಯವರು ತೊಡುವ ಬಿಳಿ ಮೈಮುಚ್ಚುಗೆ ಹಾಕಿದ ಮನುಷ್ಯನಿಗೆ ಬೆಂಕಿ ಹತ್ತಿಸಿತ್ತು. ಹೀಗೆ ಬೈದವರು ಅದೇ ಅಂಗಡಿಗೆ ಹೋಗಿ ಸಾಮಾನು ಕೊಳ್ಳುತ್ತಾರೆ ಅಂದ್ರೆ ನಂಬೋದು ಕಷ್ಟ, ಅಲ್ವಾ.

ಸೋಮವಾರ, ಜೂನ್ 6. ಸ್ಯಾನ್ ಫ್ರಾನ್ಸಿಸ್ಕೊದ ಮಾಸ್ಕೋನಿ ಸೆಂಟರ್‌ನಲ್ಲಿ ಡೆವಲಪರ್‌ಗಳ, ಅಂದ್ರೆ ಸಾಫ್ಟ್‌ವೇರ್ ಬರೆಯುವವರ, ಸಮ್ಮೇಳನ. ಸ್ಟೀವ್ ಜಾಬ್ಸ್ ಪರದೆಯ ಮೇಲೆ 'ಹೌದು, ನಿಜ' ಅನ್ನೋ ಅರ್ಥದ ಎರಡೇ ಪದ ತೋರಿಸಿದರು. ಅದರಲ್ಲಿನ ಒಂದು ಅಕ್ಷರವನ್ನು ಇಂಟೆಲ್ ಲೋಗೊ ಥರ ಸ್ವಲ್ಪ ಕೆಳಗೆ ಇಳಿಸಿದ್ದರು. ಆಮೇಲೆ ಇನ್ನೊಂದು ಬಾಂಬ್: ಬೆಳಗ್ಗಿನಿಂದ ನೀವು ನೋಡುತ್ತಿದ್ದ ಡೆಮೊಗಳೆಲ್ಲ 3.6 ಗಿಗಾಹರ್ಟ್ಸ್ ವೇಗದ, ಇಂಟೆಲ್‌ನ ಪೆಂಟಿಯಮ್ 4 ಚಿಪ್ ಮೇಲೆ ಓಡುತ್ತಿದ್ದವು ಅಂದರು. ಇಂಟೆಲ್‌ನ ಮುಖ್ಯಸ್ಥ ಪಾಲ್ ಒಟೆಲಿನಿ ವೇದಿಕೆಗೆ ಬಂದು, ತಮ್ಮವರಿಗೆ ಬೆಂಕಿ ಹಚ್ಚಿದ ಆ ಹಳೆಯ ಜಾಹೀರಾತನ್ನು ತಾವೇ ಹಾಕಿ ತೋರಿಸಿದರು.

ಯಾಕೆ ಹೀಗಾಯಿತು ಅನ್ನೋದಕ್ಕೆ ಅವತ್ತು ಸಂಜೆಯಿಂದಲೇ ನೂರು ಉತ್ತರ ಹುಟ್ಟಿಕೊಂಡವು. ಬಹುತೇಕ ತಪ್ಪು. ತಮಾಷೆ ಏನಂದ್ರೆ, ಏನಾಗುತ್ತದೆ ಅನ್ನೋದನ್ನು ಗಾಳಿಸುದ್ದಿಗಳು ಸರಿಯಾಗಿಯೇ ಹೇಳಿದ್ದವು. ಯಾಕೆ ಅನ್ನೋದರಲ್ಲಿ ಮಾತ್ರ ದಾರಿ ತಪ್ಪಿದವು.

ಜಿ5 ಲ್ಯಾಪ್‌ಟಾಪ್‌ಗೆ ಹೋಗಲಿಲ್ಲ

ಆಪಲ್‌ಗೆ ಚಿಪ್ ಬದಲಾಯಿಸೋದು ಹೊಸದೇನಲ್ಲ. 1984ರ ಮೊದಲ ಮ್ಯಾಕ್‌ನಲ್ಲಿ ಇದ್ದದ್ದು ಮೊಟೊರೊಲಾದ 68000. 1991ರಲ್ಲಿ ಆಪಲ್, ಐಬಿಎಂ, ಮೊಟೊರೊಲಾ ಮೂವರೂ ಕೈಜೋಡಿಸಿದರು. 1994ರಲ್ಲಿ ಪವರ್‌ಪಿಸಿ ಚಿಪ್ ಇರುವ ಮ್ಯಾಕ್ ಬಂತು. ಹಳೆಯ ಸಾಫ್ಟ್‌ವೇರ್ ಹೊಸ ಚಿಪ್ ಮೇಲೆ ಓಡುವ ವ್ಯವಸ್ಥೆಯನ್ನೂ ಆಗಲೇ ಮಾಡಿದ್ದರು. ಅಂದ್ರೆ ಒಂದು ಸಲ ಮನೆ ಖಾಲಿ ಮಾಡಿ ಪಾತ್ರೆಪಗಡ ಒಡೆಯದಂತೆ ಸಾಗಿಸಿದ ಅನುಭವ ಇತ್ತು.

2003ರ ಜೂನ್‌ನಲ್ಲಿ ಐಬಿಎಂ ಮಾಡಿದ ಪವರ್‌ಪಿಸಿ 970 ಚಿಪ್‌ನ (ಆಪಲ್ ಬಾಯಲ್ಲಿ ಇದೇ ಜಿ5) ಪವರ್ ಮ್ಯಾಕ್ ಜಿ5 ತೋರಿಸಿದಾಗ ಜಾಬ್ಸ್ ಒಂದು ಮಾತು ಕೊಟ್ಟುಬಿಟ್ಟರು: 12 ತಿಂಗಳಲ್ಲಿ 3 ಗಿಗಾಹರ್ಟ್ಸ್. ಅವತ್ತು ಇದ್ದದ್ದು 2. ವರ್ಷ ಕಳೆದು 2004ರ ಜೂನ್ ಬಂತು. ಸಿಕ್ಕಿದ್ದು 2.5. ಅದನ್ನೂ ತಣ್ಣಗಿಡಲು ಪೆಟ್ಟಿಗೆಯೊಳಗೆ ದ್ರವ ಹರಿಸಬೇಕಾಯಿತು, ಥೇಟ್ ಕಾರಿನ ರೇಡಿಯೇಟರ್ ಥರ. ಮೊದಲನೆಯ ಜಿ5ನಲ್ಲೇ ಒಂಬತ್ತು ಫ್ಯಾನ್ ಇದ್ದವು. ಇಷ್ಟೆಲ್ಲ ಮಾಡಿದ ಮೇಲೂ 3 ಬರಲಿಲ್ಲ.

ಹಾಗಂತ ಐಬಿಎಂ ಕೈಲಾಗದ ಕಂಪನಿ ಅಂತಲ್ಲ. ಚಿಪ್ ಒಳಗಿನ ಭಾಗಗಳನ್ನು ಇನ್ನೂ ಚಿಕ್ಕದು ಮಾಡುವ 90 ನ್ಯಾನೊಮೀಟರ್ ತಂತ್ರಕ್ಕೆ ಇಳಿದಾಗ ಎಲ್ಲರಿಗೂ ಕರೆಂಟ್ ಸೋರಿಕೆಯ ತಲೆನೋವು ಶುರುವಾಗಿತ್ತು. ಇಂಟೆಲ್ ಕೂಡ 4 ಗಿಗಾಹರ್ಟ್ಸ್ ಪೆಂಟಿಯಮ್ 4 ತರುತ್ತೇವೆ ಅಂದು 2004ರ ಅಕ್ಟೋಬರ್‌ನಲ್ಲಿ ಕೈಬಿಟ್ಟಿತ್ತು. ಹಾಗಾಗಿ 'ಇಂಟೆಲ್ ಜಾಸ್ತಿ ಸ್ಪೀಡು, ಅದಕ್ಕೇ ಹೋದರು' ಅನ್ನೋ ಉತ್ತರ ನಿಲ್ಲೋದಿಲ್ಲ. ಅವತ್ತಿನ ಪೆಂಟಿಯಮ್ 4 ಕೂಡ ಒಲೆಯೇ.

ನಿಜವಾದ ಕಾರಣ ಮೇಜಿನ ಕೆಳಗಿನ ದೊಡ್ಡ ಪೆಟ್ಟಿಗೆಯಲ್ಲಿ ಇರಲಿಲ್ಲ. ತೊಡೆಯ ಮೇಲಿನ ಪುಟ್ಟ ಪೆಟ್ಟಿಗೆಯಲ್ಲಿತ್ತು. ಜಿ5 ಚಿಪ್ಪನ್ನು ಲ್ಯಾಪ್‌ಟಾಪ್‌ಗೆ ಹಾಕಲು ಆಗಲೇ ಇಲ್ಲ. ಜನ ಲ್ಯಾಪ್‌ಟಾಪ್ ಕಡೆ ವಾಲುತ್ತಿದ್ದ ಹೊತ್ತಿನಲ್ಲಿ ಆಪಲ್‌ನ ಪವರ್‌ಬುಕ್‌ಗಳು ಹಿಂದಿನ ತಲೆಮಾರಿನ ಜಿ4 ಚಿಪ್‌ನಲ್ಲೇ ಕೂತಿದ್ದವು, 2005ರ ಜನವರಿಯಲ್ಲಿ ತಿಣುಕಿ ತಿಣುಕಿ 1.67 ಗಿಗಾಹರ್ಟ್ಸ್‌ಗೆ ಬಂದವು, ಅಲ್ಲಿಗೆ ಮುಗಿಯಿತು. ಮ್ಯಾಕ್ ಅಭಿಮಾನಿಗಳಲ್ಲಿ ಆಗ ಒಂದು ಜೋಕ್ ಓಡಾಡುತ್ತಿತ್ತು: 'ಪವರ್‌ಬುಕ್ ಜಿ5 ಮುಂದಿನ ಮಂಗಳವಾರ ಬರುತ್ತಂತೆ.' ಆಪಲ್ ಹೊಸ ಸಾಮಾನು ಬಿಡೋದು ಹೆಚ್ಚಾಗಿ ಮಂಗಳವಾರ, ಅದಕ್ಕೆ. ಎಷ್ಟೋ ಮಂಗಳವಾರಗಳು ಬಂದು ಹೋದವು. ನನ್ನ ಮಟ್ಟಿಗೆ ಈ ಇಡೀ ಪ್ರಕರಣದಲ್ಲಿ ಓದಿ ಅರ್ಥ ಮಾಡಿಕೊಳ್ಳಬೇಕಿದ್ದ ಗಾಳಿಸುದ್ದಿ ಇದೊಂದೇ. ಪದೇ ಪದೇ ಹುಟ್ಟಿ ಪದೇ ಪದೇ ಸುಳ್ಳಾಗುತ್ತಿದ್ದ ಆ ಸುದ್ದಿಯೇ, ಒಳಗೆ ಏನು ಕೆಟ್ಟಿದೆ ಅಂತ ಹೇಳುತ್ತಿತ್ತು.

ವೇದಿಕೆಯಲ್ಲಿ ಜಾಬ್ಸ್ ಇದನ್ನು ಮುಚ್ಚಿಡಲಿಲ್ಲ. 3 ಗಿಗಾಹರ್ಟ್ಸ್ ಕೊಡಲಾಗಲಿಲ್ಲ, ಪವರ್‌ಬುಕ್‌ನಲ್ಲಿ ಜಿ5 ಕೊಡಲಾಗಲಿಲ್ಲ ಅಂತ ಎರಡನ್ನೂ ಒಪ್ಪಿಕೊಂಡರು. ಆಮೇಲೆ ಒಂದು ಲೆಕ್ಕ ಇಟ್ಟರು. ಒಂದು ವ್ಯಾಟ್ ಕರೆಂಟ್‌ಗೆ ಎಷ್ಟು ಕೆಲಸ? ಮುಂದೆ ಬರಲಿರುವ ಪವರ್‌ಪಿಸಿ 15, ಇಂಟೆಲ್ 70. ಮಾರಾಟದವರ ಅಂಕಿ, ಹಾಗೇ ನುಂಗಬೇಕಿಲ್ಲ. ಆದರೆ ಅಳತೆಗೋಲು ಬದಲಾದದ್ದನ್ನು ಗಮನಿಸಿ. ಅಲ್ಲಿಯವರೆಗೆ ಗಿಗಾಹರ್ಟ್ಸ್ ಗಿಗಾಹರ್ಟ್ಸ್ ಅನ್ನುತ್ತಿದ್ದವರು ಅವತ್ತು ವ್ಯಾಟ್ ಅಂದರು. ಇಂಟೆಲ್ ಹತ್ತಿರ ಪೆಂಟಿಯಮ್ 4 ಅಲ್ಲದೆ ಇನ್ನೊಂದು ಕುದುರೆ ಇತ್ತು: ಇಸ್ರೇಲಿನ ಹೈಫಾದಲ್ಲಿ ವಿನ್ಯಾಸವಾದ, ಕಡಿಮೆ ಕರೆಂಟ್ ತಿನ್ನುವ ಪೆಂಟಿಯಮ್ ಎಂ. ಮುಂದೆ ಅದೇ ವಂಶದಲ್ಲಿ ಕೋರ್ ಡ್ಯುಯೊ ಬಂತು. ಆಪಲ್ ಕಣ್ಣಿಟ್ಟದ್ದು ಅದರ ಮೇಲೆ.

ಐಬಿಎಂ ಯಾಕೆ ಅಂಥ ಚಿಪ್ ಮಾಡಿಕೊಡಲಿಲ್ಲ? ಅವರ ಕಡೆಯಿಂದ ನೋಡಿದರೆ ಉತ್ತರ ಸುಲಭ. ಆ ವರ್ಷ ಆಪಲ್ ಮಾರಿದ್ದು ಎಲ್ಲ ಸೇರಿ ಸುಮಾರು 45 ಲಕ್ಷ ಮ್ಯಾಕ್. ಅದರಲ್ಲಿ ಐಬಿಎಂ ಚಿಪ್ ಇದ್ದದ್ದು ಒಂದು ಪಾಲಿನಲ್ಲಿ ಮಾತ್ರ, ಲ್ಯಾಪ್‌ಟಾಪ್‌ನ ಜಿ4 ಮೊಟೊರೊಲಾದಿಂದ ಬೇರೆಯಾದ ಫ್ರೀಸ್ಕೇಲ್‌ನದು. ಅದೇ ಹೊತ್ತಿಗೆ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360, ಸೋನಿಯ ಪ್ಲೇಸ್ಟೇಷನ್ 3, ನಿಂಟೆಂಡೊದ ವೀ, ಮೂರು ಆಟದ ಪೆಟ್ಟಿಗೆಗಳ ಚಿಪ್ ಕೆಲಸವೂ ಐಬಿಎಂ ಕೈಯಲ್ಲಿತ್ತು. ಮದುವೆ ಛತ್ರದ ಅಡುಗೆ ಮೂರು ಕಡೆ ಒಪ್ಪಿಕೊಂಡ ಭಟ್ಟರಿಗೆ, ದಿನಕ್ಕೊಂದು ಬೇರೆ ರುಚಿ ಕೇಳುವ ನಾಲ್ಕು ಜನರ ಮನೆ ಯಾಕೆ ಬೇಕು?

ಘೋಷಣೆಯಾಗಿ ಒಂದೇ ತಿಂಗಳಿಗೆ, ಜುಲೈಯಲ್ಲಿ, ಐಬಿಎಂ 1.6 ಗಿಗಾಹರ್ಟ್ಸ್‌ನಲ್ಲಿ 16 ವ್ಯಾಟ್ ತಿನ್ನುವ ಜಿ5 ಚಿಪ್ ಘೋಷಿಸಿತು. 'ನೋಡಿ, ಆಗುತ್ತಿತ್ತು, ಆಪಲ್ ಅವಸರಪಟ್ಟಿತು' ಅಂತ ಹಳೆಯ ಅಭಿಮಾನಿಗಳು ಕೂಗಿದರು. ನನಗೆ ಹಾಗನ್ನಿಸುವುದಿಲ್ಲ. ಚಿಪ್ ಒಂದೇ ಕರೆಂಟ್ ತಿನ್ನೋದಿಲ್ಲ, ಅದರ ಪಕ್ಕದಲ್ಲಿ ಕೂರುವ ಚಿಪ್‌ಗಳೂ ತಿನ್ನುತ್ತವೆ. ಮತ್ತೆ ಒಂದು ಚಿಪ್ ಬಂತು ಅಂದುಕೊಳ್ಳಿ, ಮುಂದಿನ ವರ್ಷದ್ದು? ಅದರ ಮುಂದಿನದ್ದು? ಕಂಪ್ಯೂಟರ್ ಮಾಡುವವರು ಚಿಪ್ ಕೊಳ್ಳುವಾಗ ಇವತ್ತಿನ ಚಿಪ್ ಕೊಳ್ಳೋದಿಲ್ಲ, ಮುಂದಿನ ಐದು ವರ್ಷದ ಭರವಸೆ ಕೊಳ್ಳುತ್ತಾರೆ. ಐಬಿಎಂ ಬಳಿ ಆಪಲ್‌ಗೆ ಕೊಡಲು ಅಂಥ ಭರವಸೆ ಉಳಿದಿರಲಿಲ್ಲ.

ಗುಟ್ಟಿನ ಕೋಣೆ

ಈಗ ಸ್ಟೆಪ್ನಿ ವಿಚಾರ. ಮ್ಯಾಕ್ ಅನ್ನು ನಡೆಸುವ ಮೂಲ ಸಾಫ್ಟ್‌ವೇರ್ (ಆಪರೇಟಿಂಗ್ ಸಿಸ್ಟಮ್, ಚಿಕ್ಕದಾಗಿ ಓಎಸ್) ಆದ ಮ್ಯಾಕ್ ಓಎಸ್ ಟೆನ್ ಹುಟ್ಟಿನಿಂದಲೂ ಎರಡು ಜೀವನ ನಡೆಸುತ್ತಿತ್ತು, ಐದು ವರ್ಷದಿಂದ ಬಂದ ಪ್ರತಿಯೊಂದು ಆವೃತ್ತಿಯನ್ನೂ ಇಂಟೆಲ್‌ಗೂ ಕಟ್ಟುತ್ತಿದ್ದೆವು ಅಂತ ಜಾಬ್ಸ್ ವೇದಿಕೆಯಲ್ಲಿ ಹೇಳಿದರು. ಆಕಾಶದಿಂದ ತೆಗೆದ ಆಪಲ್ ಆವರಣದ ಚಿತ್ರ ಹಾಕಿ, ಆ ಕೆಲಸ ಇಂಥ ಕಟ್ಟಡದಲ್ಲಿ ನಡೆಯುತ್ತಿತ್ತು ಅಂತ ತೋರಿಸಿದರು.

ಕೇಳಿದವರು ಬೆರಗಾದರು. ನಿಜ ಹೇಳಬೇಕಂದ್ರೆ ಅಷ್ಟು ಬೆರಗಾಗಬೇಕಿರಲಿಲ್ಲ. ಆ ಓಎಸ್ ಬಂದದ್ದೇ ನೆಕ್ಸ್ಟ್ ಕಂಪನಿಯಿಂದ, 1996ರ ಕೊನೆಯಲ್ಲಿ ಆಪಲ್ ಅದನ್ನು ಕೊಳ್ಳಲು ಒಪ್ಪಂದ ಮಾಡಿಕೊಂಡಿತ್ತು. ನೆಕ್ಸ್ಟ್‌ನ ಸಾಫ್ಟ್‌ವೇರ್ 1993ರಲ್ಲೇ ಇಂಟೆಲ್ 486ರ ಮೇಲೆ ಓಡುತ್ತಿತ್ತು. ಅದಕ್ಕೂ ಮೊದಲು 1992ರಲ್ಲಿ ಆಪಲ್ ನೊವೆಲ್ ಅನ್ನೋ ಸಾಫ್ಟ್‌ವೇರ್ ಕಂಪನಿ ಜೊತೆ ಸೇರಿ 'ಸ್ಟಾರ್ ಟ್ರೆಕ್' ಅನ್ನೋ ಹೆಸರಿನಲ್ಲಿ ಮ್ಯಾಕ್‌ನ ಓಎಸ್ ಅನ್ನು ಇಂಟೆಲ್ ಮೇಲೆ ಓಡಿಸಿ ನೋಡಿ, ಮರುವರ್ಷ ಕೈಬಿಟ್ಟಿತ್ತು.

ಆದರೂ ಹೊಸ ಪ್ರಯತ್ನ ಶುರುವಾದ ಬಗೆ ನನಗೆ ತುಂಬಾ ಇಷ್ಟ. 2000ನೇ ಇಸವಿಯಲ್ಲಿ ಆಪಲ್‌ನ ಒಬ್ಬ ಎಂಜಿನಿಯರ್‌ಗೆ ಅಮೆರಿಕದ ಪೂರ್ವ ತೀರಕ್ಕೆ ಹೋಗಬೇಕಿತ್ತು. ಮಗು ಅಜ್ಜಿ ತಾತನ ಹತ್ತಿರ ಬೆಳೆಯಲಿ ಅಂತ. ಮನೆಯಿಂದ ಒಬ್ಬರೇ ಕೂತು ಮಾಡಬಹುದಾದ ಕೆಲಸ ಯಾವುದು? ಓಎಸ್ ಅನ್ನು ಇಂಟೆಲ್ ಮೇಲೆ ಓಡಿಸೋದು. ಅವರ ಹೆಂಡತಿ 2012ರಲ್ಲಿ ಬರೆದ ಪ್ರಕಾರ ಒಂದೂವರೆ ವರ್ಷ ಅವರು ಏನು ಮಾಡುತ್ತಿದ್ದಾರೆ ಅನ್ನೋದು ಹೆಚ್ಚು ಜನಕ್ಕೆ ಗೊತ್ತೇ ಇರಲಿಲ್ಲ. ಮೇಲಿನವರು ಬಂದು ನೋಡಿ ದಂಗಾದರು, ಅಂಗಡಿಯಿಂದ ಸೋನಿ ವಾಯೊ ತರಿಸಿ ಅದರ ಮೇಲೂ ಓಡಿಸಿ ನೋಡಿದರು. ಆಮೇಲೆ ಈ ವಿಷಯ ಹೆಂಡತಿ ಜೊತೆ ಕೂಡ ಮಾತಾಡುವಂತಿಲ್ಲ, ಆಕೆಗೆ ಗೊತ್ತಿರುವುದನ್ನೆಲ್ಲ ಆಕೆ ಮರೆತುಬಿಡಬೇಕು ಅಂತ ಕಟ್ಟಪ್ಪಣೆ ಆಯಿತಂತೆ! ಕಂಪನಿಯೊಂದು ಮನೆಯ ಹೆಂಗಸಿಗೆ ಮರೆತುಬಿಡಿ ಅಂತ ಹೇಳುವ ಧೈರ್ಯ ನೋಡಿ.

ಇಷ್ಟು ಕಾಪಾಡಿದ ಗುಟ್ಟೂ ಸೋರಿತು. 2002ರ ಆಗಸ್ಟ್‌ನಲ್ಲೇ ಈವೀಕ್ ಪತ್ರಿಕೆ 'ಮಾರ್ಕ್ಲಾರ್' ಅನ್ನೋ ಗುಟ್ಟಿನ ಹೆಸರಿನ ಸಮೇತ ಸುದ್ದಿ ಹಾಕಿತ್ತು. ಘೋಷಣೆಗೆ ಮೂರು ವರ್ಷ ಮೊದಲು! ಓದಿದವರು ಮೂರು ತಿಂಗಳು ಕಾದರು, ಏನೂ ಆಗಲಿಲ್ಲ, ಸುಳ್ಳು ಅಂತ ತೀರ್ಮಾನಿಸಿದರು. ಸ್ಟೆಪ್ನಿ ಇದೆ ಅನ್ನೋದು ನಿಜ. ಆದರೆ ಸ್ಟೆಪ್ನಿ ಇದೆ ಅಂದ ಮಾತ್ರಕ್ಕೆ ಟೈರ್ ಪಂಕ್ಚರ್ ಆಗಿದೆ ಅಂತಲ್ಲ. ಈ ವ್ಯತ್ಯಾಸ ಗಾಳಿಸುದ್ದಿ ಬರೆಯುವವರಿಗೂ ಓದುವವರಿಗೂ ಹೊಳೆಯಲಿಲ್ಲ.

ಆಮೇಲೆ ಹುಟ್ಟಿದ ಗಾಳಿಸುದ್ದಿಗಳು

ಎಲ್ಲಕ್ಕಿಂತ ದೊಡ್ಡ ಭಯ ಆಸ್‌ಬಾರ್ನ್ ಭೂತ. ಆಸ್‌ಬಾರ್ನ್ ಅನ್ನೋ ಕಂಪ್ಯೂಟರ್ ಕಂಪನಿ ಮುಂದಿನ ಮಾದರಿಗಳ ಬಗ್ಗೆ ಮೊದಲೇ ಬಾಯಿಬಿಟ್ಟು, ಇದ್ದ ಮಾಲು ಹೋಗದೆ 1983ರಲ್ಲಿ ದಿವಾಳಿ ಎದ್ದಿತು ಅಂತ ಎಲ್ಲರೂ ಹೇಳುವ ಕಥೆ. ಒಂದು ವರ್ಷ ಮೊದಲೇ 'ಈ ಚಿಪ್ ಬಿಡುತ್ತೇವೆ' ಅಂತ ಹೇಳಿದ ಆಪಲ್‌ಗೂ ಅದೇ ಗತಿ ಅಂದರು. ಆದರೆ ಹೇಳದೇ ಇರುವಂತೆಯೂ ಇರಲಿಲ್ಲ. ಹೊರಗಿನ ಸಾಫ್ಟ್‌ವೇರ್ ಬರೆಯುವವರಿಗೆ ಸಮಯ ಬೇಕು, ಅವರು ಸಾವಿರಾರು ಜನ, ಅಷ್ಟು ಜನಕ್ಕೆ ಹೇಳಿ ಗುಟ್ಟಾಗಿಡಿ ಅನ್ನೋಕೆ ಆಗುತ್ತದಾ? ಕೊನೆಗೆ ಆಸ್‌ಬಾರ್ನ್ ಭೂತ ಬರಲಿಲ್ಲ. 2005ರ ಲೆಕ್ಕದ ವರ್ಷದ 45 ಲಕ್ಷ, 2006ರಲ್ಲಿ 53 ಲಕ್ಷ ಆಯಿತು.

ಎರಡನೆಯದು ಹಾಲಿವುಡ್ ಕಥೆ. ಸಿನಿಮಾ ಕಂಪನಿಗಳಿಗೆ ಬೇಕಾದ, ನಕಲು ತಡೆಯುವ ಬೀಗ ಇಂಟೆಲ್ ಚಿಪ್‌ನಲ್ಲಿದೆ, ತನ್ನ ಐಟ್ಯೂನ್ಸ್ ಅಂಗಡಿಯಲ್ಲಿ ಸಿನಿಮಾ ಮಾರಲು ಆಪಲ್ ಅತ್ತ ಹೋಗಿದೆ ಅಂತ. ಕೇಳಲು ಚೆನ್ನಾಗಿದೆ. ಆದರೆ ಮುಂದೆ ಐಟ್ಯೂನ್ಸ್ ಸಿನಿಮಾಗಳು ಐಪಾಡ್‌ನಲ್ಲೂ ಓಡಿದವು, ಐಪಾಡ್‌ನಲ್ಲಿ ಇಂಟೆಲ್ ಚಿಪ್ ಎಲ್ಲಿತ್ತು?

ಮೂರನೆಯದು, ಇಂಟೆಲ್ ಯಾಕೆ, ಅದರ ಎದುರಾಳಿ ಚಿಪ್ ಕಂಪನಿ ಎಎಂಡಿ ಯಾಕಲ್ಲ ಅನ್ನೋ ಅನುಮಾನ. ಒಳಗೊಳಗೆ ಏನೋ ದುಡ್ಡಿನ ವ್ಯವಹಾರ ಇದೆ ಅನ್ನೋ ಗುಸುಗುಸು. ಇದನ್ನು ಸುಮ್ನೆ ತಳ್ಳಿಹಾಕುವಂತಿಲ್ಲ, ಯಾಕಂದ್ರೆ ಆಗ ಮೇಜಿನ ಮೇಲಿನ ಕಂಪ್ಯೂಟರ್‌ನಲ್ಲಿ ಎಎಂಡಿಯ ಅಥ್ಲಾನ್ 64 ಪೆಂಟಿಯಮ್ 4ಗಿಂತ ಚೆನ್ನಾಗಿಯೇ ಇತ್ತು. ಆದರೆ ಮತ್ತೆ ಲ್ಯಾಪ್‌ಟಾಪ್‌ಗೇ ಬರಬೇಕು. ಅಲ್ಲಿ ಪೆಂಟಿಯಮ್ ಎಂ ಮುಂದಿತ್ತು. ಚಿಪ್ ಸಿಗದೆ ಐಮ್ಯಾಕ್ ತಡವಾದ ನೋವು ಉಂಡಿದ್ದ ಆಪಲ್‌ಗೆ ಬೇಕಿದ್ದದ್ದು ದೊಡ್ಡ ಕಾರ್ಖಾನೆಗಳಿರುವವರು.

ಇನ್ನು ವಿಂಡೋಸ್ ವಿಚಾರ. ಮ್ಯಾಕ್ ಓಎಸ್ ಈಗ ಯಾವ ಪಿಸಿಯಲ್ಲಾದರೂ ಓಡುತ್ತದೆ ಅಂತ ಒಂದು ಗುಂಪು, ಮ್ಯಾಕ್‌ನಲ್ಲಿ ವಿಂಡೋಸ್ ಓಡುತ್ತದೆ ಅಂತ ಇನ್ನೊಂದು. ಎರಡೂ ಅರ್ಧ ನಿಜವಾದವು. ಡೆವಲಪರ್‌ಗಳಿಗೆ ಕೊಟ್ಟ ಓಎಸ್ ಸೋರಿ, 2005ರ ಆಗಸ್ಟ್ ಹೊತ್ತಿಗೆ ಹ್ಯಾಕರ್‌ಗಳು ಮಾಮೂಲಿ ಪಿಸಿಯಲ್ಲಿ ಅದನ್ನು ಓಡಿಸಿಬಿಟ್ಟರು. ಮ್ಯಾಕ್‌ನಲ್ಲಿ ವಿಂಡೋಸ್ ಓಡಿಸಿದವರಿಗೆ ಬಹುಮಾನ ಅಂತ ಜನ ಚಂದಾ ಎತ್ತಿದರು, 13 ಸಾವಿರ ಡಾಲರ್ ದಾಟಿತು, 2006ರ ಮಾರ್ಚ್‌ನಲ್ಲಿ ಇಬ್ಬರು ಗೆದ್ದೂ ಗೆದ್ದರು. ಏಪ್ರಿಲ್ 5ಕ್ಕೆ ಆಪಲ್ ತಾನೇ ಮ್ಯಾಕ್‌ನಲ್ಲಿ ವಿಂಡೋಸ್ ಓಡಿಸುವ ಬೂಟ್ ಕ್ಯಾಂಪ್ ಅನ್ನೋ ಸಾಫ್ಟ್‌ವೇರ್ ಹೊರತಂದಿತು. ಇದರ ನಡುವೆ, ಫೆಬ್ರವರಿಯಲ್ಲಿ, ಜಾನ್ ಡ್ವೊರಾಕ್ ಅನ್ನೋ ಅಂಕಣಕಾರರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆಪಲ್ ತನ್ನ ಓಎಸ್ ಬಿಟ್ಟು ವಿಂಡೋಸನ್ನೇ ಹಾಕಿಕೊಳ್ಳಬಹುದು ಅಂತ ಬರೆದರು. ಗೆದ್ದ ಗಾಳಿಸುದ್ದಿಯ ಬಾಲ ಹಿಡಿದು ಹೊರಟರೆ ಎಲ್ಲಿಗೆ ಮುಟ್ಟುತ್ತೀರಿ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಯಾರೂ ಕಿವಿಗೊಡದ ಕಥೆ ಪಿ.ಎ. ಸೆಮಿಯದ್ದು. ಕಡಿಮೆ ಕರೆಂಟ್‌ನ ಪವರ್‌ಪಿಸಿ ಚಿಪ್ ಮಾಡುತ್ತಿದ್ದ ಪುಟ್ಟ ಕಂಪನಿ. ಆಪಲ್ ಇವರ ಜೊತೆ ಮಾತಾಡಿ ಕೊನೆಗೆ ಬಿಟ್ಟಿತು ಅಂತ 2006ರಲ್ಲಿ ಸುದ್ದಿ ಬಂತು. ಅದನ್ನು ಸೋತವರ ಗೋಳು ಅಂತ ಪಕ್ಕಕ್ಕಿಟ್ಟರು. ಇದಕ್ಕೆ ಆಮೇಲೆ ಬರುತ್ತೇನೆ.

ಮನೆ ಸಾಗಿಸಿದ್ದು

ಕೆಲಸ ಹೇಗೆ ನಡೆಯಿತು ಅನ್ನೋದು ಗಾಳಿಸುದ್ದಿಗಿಂತ ನೀರಸ, ಆದರೆ ಗೆದ್ದದ್ದು ಇಲ್ಲೇ. ಡೆವಲಪರ್‌ಗಳಿಗೆ 999 ಡಾಲರ್‌ಗೆ ಒಂದು ಯಂತ್ರ ಕೊಟ್ಟರು, ಹೊರಗೆ ಜಿ5ರ ಡಬ್ಬ, ಒಳಗೆ ಪೆಂಟಿಯಮ್ 4. ಮಾರಿದ್ದಲ್ಲ, ಬಾಡಿಗೆ ಥರ, 2006ರ ಕೊನೆಗೆ ವಾಪಸ್ ಕೊಡಬೇಕು. ಹಳೆಯ ಸಾಫ್ಟ್‌ವೇರ್‌ಗೆ 'ರೊಸೆಟ್ಟಾ' ಅನ್ನೋ ದುಭಾಷಿ ಇಟ್ಟರು. ಪವರ್‌ಪಿಸಿ ಮಾತನ್ನು ಓಡುತ್ತಿರುವಾಗಲೇ ಇಂಟೆಲ್ ಮಾತಿಗೆ ಬದಲಾಯಿಸೋದು ಅದರ ಕೆಲಸ. ಹೊಸದಾಗಿ ಬರೆಯುವವರಿಗೆ, ಒಂದೇ ಪೊಟ್ಟಣದಲ್ಲಿ ಎರಡೂ ಚಿಪ್‌ನ ಪ್ರತಿ ಇಡುವ ವ್ಯವಸ್ಥೆ.

ತೊಡಕು ಎಲ್ಲಿತ್ತು ಅಂದ್ರೆ, ಪವರ್‌ಪಿಸಿ ಸಂಖ್ಯೆಯ ದೊಡ್ಡ ತುದಿಯನ್ನು ಮೊದಲು ಇಡುತ್ತದೆ, ಇಂಟೆಲ್ ಚಿಕ್ಕ ತುದಿಯನ್ನು. ನಾವು 15-8-1947 ಅಂತ ಬರೆಯುತ್ತೇವೆ, ಜಪಾನಿನವರು 1947-8-15 ಅಂತ ಬರೆಯುತ್ತಾರೆ. ದಿನ ಅದೇ. ಆದರೆ ಒಬ್ಬರ ಕಡತವನ್ನು ಇನ್ನೊಬ್ಬರು ಕಣ್ಣುಮುಚ್ಚಿ ಓದಿದರೆ ಕೆಟ್ಟಿತು. ಶಿಸ್ತಾಗಿ ಬರೆದ ಸಾಫ್ಟ್‌ವೇರ್‌ಗೆ ಇದು ಸಣ್ಣ ಕೆಲಸ. ಮ್ಯಾಥಮ್ಯಾಟಿಕಾ ಅನ್ನೋ ಗಣಿತದ ಸಾಫ್ಟ್‌ವೇರನ್ನು ಸುಮಾರು ಎರಡು ಗಂಟೆಯಲ್ಲಿ, 20 ಸಾಲು ಬದಲಾಯಿಸಿ ಓಡಿಸಿದೆವು ಅಂತ ವುಲ್ಫ್ರಮ್ ರಿಸರ್ಚ್‌ನ ಥಿಯೊಡೋರ್ ಗ್ರೇ ವೇದಿಕೆಯಲ್ಲೇ ಹೇಳಿದರು. ಎಲ್ಲರಿಗೂ ಅಷ್ಟು ಸುಲಭ ಆಗಲಿಲ್ಲ. ಇಂಟೆಲ್‌ಗೆ ಅಂತಲೇ ಕಟ್ಟಿದ ಫೋಟೊಶಾಪ್ ಬಂದದ್ದು 2007ರಲ್ಲಿ, ಆಫೀಸ್ ಬಂದದ್ದು 2008ರ ಜನವರಿಯಲ್ಲಿ. ಅಲ್ಲಿಯವರೆಗೆ ಹೊಸ ಮ್ಯಾಕ್ ಕೊಂಡ ವಿನ್ಯಾಸಕಾರರು ದುಭಾಷಿಯ ಬಾಯಲ್ಲಿ ಕುಂಟುತ್ತಾ ಕೆಲಸ ಮಾಡಿದರು.

ಯಂತ್ರಗಳ ವೇಗ ಮಾತ್ರ ಯಾರೂ ಊಹಿಸದಷ್ಟು. 2006ರ ಜೂನ್ ಒಳಗೆ ಮೊದಲ ಯಂತ್ರ, 2007ರ ಕೊನೆಗೆ ಎಲ್ಲ ಮುಗಿಸುತ್ತೇವೆ ಅಂದಿದ್ದರು. ಮೊದಲ ಇಂಟೆಲ್ ಯಂತ್ರ, ಐಮ್ಯಾಕ್, 2006ರ ಜನವರಿ 10ಕ್ಕೇ ಬಂತು. ಕೊನೆಯದು, ಮ್ಯಾಕ್ ಪ್ರೊ, ಆಗಸ್ಟ್ 7ಕ್ಕೆ. ಪೂರಾ ಏಳು ತಿಂಗಳೂ ಹಿಡಿಯಲಿಲ್ಲ.

ಇದರಲ್ಲಿ ಪೆಟ್ಟು ತಿಂದವರು ಯಾರು? 2005ರ ಅಕ್ಟೋಬರ್‌ನಲ್ಲಿ, ಘೋಷಣೆಯಾದ ಮೇಲೂ, ನಾಲ್ಕು ಕೋರ್‌ಗಳ (ಲೆಕ್ಕ ಮಾಡುವ ನಾಲ್ಕು ಘಟಕಗಳ) ಪವರ್ ಮ್ಯಾಕ್ ಜಿ5 ಕ್ವಾಡ್ ಕೊಂಡವರು. ಪವರ್‌ಪಿಸಿ ಮ್ಯಾಕ್‌ಗಳಲ್ಲಿ ಅದಕ್ಕಿಂತ ಬಲದ್ದು ಇನ್ನೊಂದಿಲ್ಲ. 2009ರ ಆಗಸ್ಟ್‌ನಲ್ಲಿ ಬಂದ ಸ್ನೋ ಲೆಪರ್ಡ್ ಅನ್ನೋ ಓಎಸ್ ಆವೃತ್ತಿ ಅದನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. 2011ರ ಲಯನ್ ಆವೃತ್ತಿ ರೊಸೆಟ್ಟಾವನ್ನೂ ತೆಗೆಯಿತು. ಕನ್ನಡಿಗರಿಗೆ ಮಾತ್ರ ಇಲ್ಲೊಂದು ಗಮ್ಮತ್ತು: ಕನ್ನಡ ಫಾಂಟ್‌ಗಳು ಮ್ಯಾಕ್ ಜೊತೆಗೇ ಬರತೊಡಗಿದ್ದೂ ಅದೇ ಲಯನ್‌ನಲ್ಲಿ. ಹಳೆಯ ಯಂತ್ರ ಇಟ್ಟುಕೊಂಡವರಿಗೆ ಅದೂ ಇಲ್ಲ, ಇದೂ ಇಲ್ಲ.

ಅದೇ ಕಥೆ, ಪಾತ್ರ ಬೇರೆ

ಪಿ.ಎ. ಸೆಮಿಗೆ ಬರುತ್ತೇನೆ ಅಂದಿದ್ದೆ. 2008ರಲ್ಲಿ ಆಪಲ್ ಆ ಕಂಪನಿಯನ್ನೇ 27.8 ಕೋಟಿ ಡಾಲರ್ ಕೊಟ್ಟು ಕೊಂಡಿತು. ಚಿಪ್‌ಗಲ್ಲ, ಚಿಪ್ ಮಾಡುವ ಜನಕ್ಕೆ. 2010ರ ಐಪ್ಯಾಡ್‌ನಲ್ಲಿ ಆಪಲ್‌ನದೇ ಎ4 ಚಿಪ್ ಬಂತು. ಐಫೋನ್‌ಗೆ ಚಿಪ್ ಮಾಡಿಕೊಡಿ ಅಂತ ಆಪಲ್ ಕೇಳಿದಾಗ ಆ ಬೆಲೆಗೆ ಗಿಟ್ಟುವುದಿಲ್ಲ ಅಂತ ಬಿಟ್ಟೆವು, ತಪ್ಪಾಯಿತು ಅಂತ ಒಟೆಲಿನಿ 2013ರಲ್ಲಿ ಹೇಳಿಕೊಂಡರು. 2005ರಲ್ಲಿ ಐಬಿಎಂ ಕೂತಿದ್ದ ಕುರ್ಚಿಯಲ್ಲಿ ಈಗ ಇಂಟೆಲ್ ಕೂತಿತ್ತು. ಅದರ 10 ನ್ಯಾನೊಮೀಟರ್ ಚಿಪ್‌ಗಳು ವರ್ಷದಿಂದ ವರ್ಷಕ್ಕೆ ಮುಂದಕ್ಕೆ ಹೋದವು. ಮ್ಯಾಕ್ ಲ್ಯಾಪ್‌ಟಾಪ್‌ಗಳು ಮತ್ತೆ ಬಿಸಿಯಾದವು.

ಗಾಳಿಸುದ್ದಿಯೂ ಹಾಗೆಯೇ ಬಂತು. 2018ರ ಏಪ್ರಿಲ್‌ನಲ್ಲಿ ಬ್ಲೂಮ್‌ಬರ್ಗ್, ಆಪಲ್ 2020ರಿಂದಲೇ ತನ್ನ ಚಿಪ್ ಹಾಕಬಹುದು ಅಂತ ಬರೆಯಿತು. ಈ ಸಲ ಯಾರೂ ನಗಲಿಲ್ಲ, ಇಂಟೆಲ್ ಷೇರು ಅವತ್ತೇ ಬಿತ್ತು. 2020ರ ಜೂನ್ 22ಕ್ಕೆ ಘೋಷಣೆ, ನವೆಂಬರ್‌ನಲ್ಲಿ ಆಪಲ್‌ನದೇ ಎಂ1 ಚಿಪ್. ಮತ್ತೆ ಡೆವಲಪರ್‌ಗಳಿಗೆ ಬಾಡಿಗೆ ಯಂತ್ರ, ಮತ್ತೆ ರೊಸೆಟ್ಟಾ, ಮತ್ತೆ ವ್ಯಾಟ್‌ನ ಲೆಕ್ಕ. 2025ರ ಜೂನ್‌ನಲ್ಲಿ, ಇಂಟೆಲ್ ಮ್ಯಾಕ್‌ಗಳಿಗೆ ಓಎಸ್‌ನ ಟಾಹೋ ಆವೃತ್ತಿಯೇ ಕೊನೆ ಅಂತ ಆಪಲ್ ಹೇಳಿತು.

ಈ ಸಲದ ಜಿ5 ಕ್ವಾಡ್ ಯಾವುದು ಗೊತ್ತಾ? 2019ರ ಡಿಸೆಂಬರ್‌ನಲ್ಲಿ ಮಾರಾಟಕ್ಕೆ ಬಂದ ಇಂಟೆಲ್ ಮ್ಯಾಕ್ ಪ್ರೊ. ಶುರುವಾಗುವ ಬೆಲೆಯೇ 5,999 ಡಾಲರ್. ಘೋಷಣೆಗೆ ಆರು ತಿಂಗಳು ಮಾತ್ರ ಬಾಕಿ ಇತ್ತು. ಪೆಟ್ಟಿಗೆಗೆ ಚಕ್ರ ಬೇಕು ಅಂದರೆ 400 ಡಾಲರ್ ಬೇರೆ ಕೊಡಬೇಕಿತ್ತು, ನಾಲ್ಕೂ ಚಕ್ರ ಕೊಡುತ್ತಿದ್ದರು. ಸ್ಟೆಪ್ನಿ ಮಾತ್ರ ಕಂಪನಿ ಹತ್ತಿರವೇ ಇತ್ತು.